ಒತ್ತಡ, ಕಾರ್ಟಿಸಾಲ್, ಅಶ್ವಗಂಧ: ನಾನು ಎಡವಿದ ಜಾಗಗಳು

ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಕೆಟ್ಟದ್ದು, ಗಿಡಮೂಲಿಕೆ ಅದನ್ನು ಇಳಿಸುತ್ತದೆ, ಆಗ ಮಿದುಳು ಸರಿಹೋಗುತ್ತದೆ. ಪರೀಕ್ಷೆಗೆಂದು ಈ ಪಾಠವನ್ನು ಮೊದಲ ಸಲ ಓದಿದಾಗ ನಾನು ಹೀಗೆ ಬರೆದುಕೊಂಡಿದ್ದೆ. ಮೂರೂ ಅರ್ಧಂಬರ್ಧ ಮಾತುಗಳು.

ಒತ್ತಡ ಬಂದಾಗ ಮಿದುಳಿನ ಹೈಪೋಥಲಾಮಸ್ ಎಂಬ ಭಾಗ ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ. ಪಿಟ್ಯುಟರಿ ಅದನ್ನು ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗೆ ದಾಟಿಸುತ್ತದೆ. ಅಲ್ಲಿಂದ ಕಾರ್ಟಿಸಾಲ್ ಹೊರಟು ರಕ್ತದ ಸಕ್ಕರೆ ಏರಿಸುತ್ತದೆ. ಇದು ಬೇಕೇ ಬೇಕು. ಅಡ್ರಿನಲ್ ಗ್ರಂಥಿ ಕೆಡುವ ಅಡಿಸನ್ ಕಾಯಿಲೆಯಲ್ಲಿ ಕಾರ್ಟಿಸಾಲ್ ಸಾಲದೆ ಜೀವಕ್ಕೇ ಕುತ್ತು ಬರಬಹುದು.

ಕಾರ್ಟಿಸಾಲ್ ಇನ್ನು ಸಾಕು ಎಂದು ಹೇಳುವುದರಲ್ಲಿ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್‌ಗೂ ಪಾಲಿದೆ. ಹೊಸ ನೆನಪು ಕೂಡಿಸುವ ಜಾಗವೂ ಅದೇ. ಈ ಹಾರ್ಮೋನನ್ನು ಹಿಡಿಯುವ ರಿಸೆಪ್ಟರ್‌ಗಳು ಅಲ್ಲಿ ತುಂಬಿವೆ ಎಂದು 1968ರಲ್ಲಿ ಅಮೆರಿಕದ ನರವಿಜ್ಞಾನಿ ಬ್ರೂಸ್ ಮೆಕ್‌ಇವೆನ್ ತಂಡ ಇಲಿಗಳಲ್ಲಿ ತೋರಿಸಿತು. ಒತ್ತಡ ವಾರಗಟ್ಟಲೆ ಮುಂದುವರಿದರೆ ಇಲಿಗಳಲ್ಲಿ ಅಲ್ಲಿನ ನರಕೋಶಗಳ ಕವಲುಗಳು ಮೊಟಕಾಗುತ್ತವೆ. ಸಾಕು ಅನ್ನುವ ದನಿಯೇ ಕುಗ್ಗಿದರೆ ಕಾರ್ಟಿಸಾಲ್ ಬೇಗ ಇಳಿಯೋದು ಹೇಗೆ, ಅಲ್ವಾ?

ಅತ್ತ ಭಯಕ್ಕೆ ಸಂಬಂಧಿಸಿದ ಮಿದುಳಿನ ಭಾಗವಾದ ಅಮಿಗ್ಡಲದಲ್ಲಿ ಉಲ್ಟಾ. ಅದೇ ಒತ್ತಡಕ್ಕೆ ಅಲ್ಲಿ ಕವಲುಗಳು ಬೆಳೆಯುತ್ತವೆ. ಇಲಿಗಳಿಗೆ 21 ದಿನ ಬಿಡುವು ಕೊಟ್ಟಾಗ ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು, ಅಮಿಗ್ಡಲ ಹಾಗೇ ಉಳಿಯಿತು. ನನಗೆ ಇಡೀ ಪಾಠದಲ್ಲಿ ತಲೆಯಲ್ಲಿ ಉಳಿದದ್ದು ಇದೇ. ಅಂದಹಾಗೆ, ಉತ್ತರದಲ್ಲಿ ಸುಮ್ನೆ "ಕೋಶಗಳು ಸಾಯುತ್ತವೆ" ಎಂದು ಬರೆಯಬೇಡಿ. ಇಲ್ಲಿ ಮೊಟಕಾಗುವುದು ಕವಲು.

ಈಗ ಅಶ್ವಗಂಧ. 2012ರ ಒಂದು ಪ್ರಯೋಗದಲ್ಲಿ 64 ಜನರಿದ್ದರು. ಅವರಲ್ಲಿ ಒಂದು ಗುಂಪಿಗೆ ಬೇರಿನ ಸಾರ, 300 ಮಿಲಿಗ್ರಾಂನಂತೆ ದಿನಕ್ಕೆರಡು ಸಲ, 60 ದಿನ. ಆ ಗುಂಪಿನ ಕಾರ್ಟಿಸಾಲ್ ಸುಮಾರು 28 ಶೇಕಡಾ ಇಳಿಯಿತು, ಒತ್ತಡದ ಪ್ರಶ್ನಾವಳಿಯ ಅಂಕವೂ ಇಳಿಯಿತು. ಒಳ್ಳೆಯದೇ. ಆದರೆ ಅಳೆದದ್ದು ರಕ್ತವನ್ನು ಮತ್ತು ಜನರ ಉತ್ತರಗಳನ್ನು. ಹಿಪೊಕ್ಯಾಂಪಸ್ಸಿನ ಕವಲು ಮತ್ತೆ ಚಿಗುರಿತು ಎಂದು ಇದರಿಂದ ಹೇಳಲಾಗದು. ಕಾರ್ಟಿಸಾಲ್ ಬೆಳಗ್ಗೆ ಏರಿ ರಾತ್ರಿ ಇಳಿಯುತ್ತದೆ. ಹಾಗಾಗಿ ರಕ್ತ ತೆಗೆದ ಹೊತ್ತನ್ನೂ ನೋಡಬೇಕು.

ಪಾಠದ ಇನ್ನೊಂದು ಗಿಡ ಬ್ರಾಹ್ಮಿ. ಅದರಲ್ಲಿ ಹೆಸರಿನದೇ ತಲೆನೋವು. ಕೆಲವರು ಒಂದೆಲಗಕ್ಕೂ ಬ್ರಾಹ್ಮಿ ಅನ್ನುತ್ತಾರೆ. ಬಕೋಪಾ ಮೊನ್ನಿಯೇರಿ ಎಂದರೆ ನೀರುಬ್ರಾಹ್ಮಿ, ಅದು ಬೇರೆಯೇ ಗಿಡ.

ಪರೀಕ್ಷೆಗೆ ಬರಲಿ, ಬಿಡಲಿ, ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆಯ ಬಗ್ಗೆ ಓದಿಯೇ ಓದಿ. ಅದರಲ್ಲಿನ ಹೈಪರ್‌ಫೋರಿನ್ ಯಕೃತ್ತಿನ ಸಿವೈಪಿ3ಎ4 ಎಂಬ, ಔಷಧಿಗಳನ್ನು ಒಡೆಯುವ ಕಿಣ್ವವನ್ನು ಹೆಚ್ಚಿಸುತ್ತದೆ. ಆಗ ಗರ್ಭನಿರೋಧಕ ಮಾತ್ರೆ, ಅಂಗ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್ ದೇಹದಲ್ಲಿ ಬೇಗ ಒಡೆದುಹೋಗಿ ಸಾಕಷ್ಟು ಕೆಲಸ ಮಾಡುವುದಿಲ್ಲ. ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ತೆಗೆದುಕೊಂಡರೆ ಸೆರೊಟೋನಿನ್ ವಿಪರೀತ ಏರುವ ಅಪಾಯವಿದೆ. ಅಶ್ವಗಂಧದಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ದಾಖಲಾಗಿವೆ, ಅದು ಥೈರಾಯ್ಡ್ ಹಾರ್ಮೋನನ್ನೂ ಏರಿಸಬಲ್ಲದು. ರೋಗಿಯನ್ನು "ಏನಾದರೂ ಔಷಧಿ ತಗೋತೀರಾ?" ಎಂದು ಕೇಳಿದರೆ ಇವು ಯಾವುದೂ ಹೊರಗೆ ಬರುವುದಿಲ್ಲ. "ಬೇರು, ಸೊಪ್ಪು, ಪುಡಿ ಏನಾದರೂ?" ಎಂದು ಬೇರೆಯಾಗಿ ಕೇಳಬೇಕು.