ತಾವರೆ ಮೊದಲು, ದೋಣಿ ಆಮೇಲೆ: ವಾಂಗ್ ವೇಯ್‌ನ ಎರಡು ಸಾಲು

ವಾಂಗ್ ವೇಯ್ 8ನೇ ಶತಮಾನದ, ಚೀನಾದ ತಾಂಗ್ ರಾಜವಂಶದ ಕಾಲದ ಕವಿ, ಚಿತ್ರಕಾರ ಕೂಡ. ಇವನ ಕವಿತೆಯಲ್ಲಿ ಚಿತ್ರವಿದೆ, ಚಿತ್ರದಲ್ಲಿ ಕವಿತೆಯಿದೆ ಅಂತ ಸುಮಾರು 300 ವರ್ಷದ ನಂತರ ಇನ್ನೊಬ್ಬ ಚೀನೀ ಕವಿ ಸು ಶಿ ಹೇಳಿದ. ಆ ಚಿತ್ರ ಹೇಗೆ ಮೂಡುತ್ತದೆ ಅಂತ ನನಗೆ ಹೊಳೆದದ್ದು ನಿನ್ನೆ ರಾತ್ರಿ, ಒಂದು ಪದವನ್ನು ತಪ್ಪಾಗಿ ಓದಿದ ಮೇಲೆ.

ಕವಿತೆ, ಬೆಟ್ಟದ ಮನೆಯ ಶರತ್ಕಾಲದ ಸಂಜೆ. 8 ಸಾಲು, ಸಾಲಿಗೆ 5 ಅಕ್ಷರ. ನಾನು ಸಿಕ್ಕಿಕೊಂಡದ್ದು 5 ಮತ್ತು 6ನೇ ಸಾಲಿನಲ್ಲಿ:

ಝು ಶ್ಯುವಾನ್ ಗ್ವೇ ಹ್ವಾನ್ ನ್ಯು
ಲ್ಯೆನ್ ದೋಂಗ್ ಶ್ಯಾ ಯು ಝೋ

ಪದಕ್ಕೆ ಪದ: ಬಿದಿರು, ಗದ್ದಲ, ಮರಳು (ವಾಪಸ್ ಬಾ), ಒಗೆಯುವ ಹೆಂಗಸರು. ತಾವರೆ, ಅಲುಗು, ಶ್ಯಾ, ಮೀನಿನ ದೋಣಿ.

ಶ್ಯಾ ಅಂದರೆ 'ಕೆಳಗೆ' ಅಂತ ಚೀನೀ ಭಾಷೆ ಕಲಿಯುವವರು ಮೊದಲ ವಾರವೇ ಕಲಿತಿರುತ್ತೇವೆ, ಅಲ್ವಾ? ಹಾಗಾಗಿ 'ದೋಣಿಯ ಕೆಳಗೆ ತಾವರೆ ಅಲುಗಿತು' ಅಂತ ಓದಿಕೊಂಡೆ. ಅರ್ಥ ಸರಿಹೋದಂತೆ ಕಂಡಿತು. ಆದರೆ ತಪ್ಪು.

ಬಿಡಿಸಿದ್ದು ಜೋಡಿಯ ನಿಯಮ. ಈ ಬಗೆಯ ಕವಿತೆಯಲ್ಲಿ 3-4 ಮತ್ತು 5-6ನೇ ಸಾಲುಗಳು ಜೋಡಿ. ಒಂದರಲ್ಲಿ ಯಾವ ಜಾಗದಲ್ಲಿ ಕ್ರಿಯಾಪದ ಇದೆಯೋ, ಇನ್ನೊಂದರಲ್ಲೂ ಅದೇ ಜಾಗದಲ್ಲಿ ಇರಬೇಕು. ಅನುಮಾನ ಬಂದಾಗಲೆಲ್ಲ ಮೇಲಿನ ಸಾಲಿನ ಮೇಲೆ ಬೆರಳಿಡಿ. 3ನೇ ಅಕ್ಷರ ಗ್ವೇ, 'ಮರಳು'. ಅದು ಕ್ರಿಯಾಪದ. ಹಾಗಾದರೆ ಅದರ ಕೆಳಗಿರುವ ಶ್ಯಾ ಕೂಡ ಕ್ರಿಯಾಪದವೇ: 'ಇಳಿ', ನೀರಿನ ಜೊತೆ ಸಾಗು. ಇಳಿಯುವುದು ಯಾರು? ಹಿಂದೆ ಬರುವ ದೋಣಿ. 3-4ನೇ ಸಾಲಿನಲ್ಲೂ ಬೆರಳಿಟ್ಟು ನೋಡಿದೆ. ಬೆಳಗುವ ಚಂದ್ರನೂ ಹರಿಯುವ ತೊರೆಯೂ ಅಲ್ಲಿವೆ, ಎರಡರ ಕ್ರಿಯಾಪದವೂ 5ನೇ ಜಾಗದಲ್ಲೇ ಕೂತಿದೆ.

ಕ್ರಿಯಾಪದ ಮೊದಲು, ಮಾಡುವವರು ಆಮೇಲೆ. ಇದು ವಿಚಿತ್ರವೇನಲ್ಲ. 'ಮಳೆ ಬರ್ತಿದೆ' ಅನ್ನಲು ಚೀನಿಯರು ಇವತ್ತಿಗೂ 'ಶ್ಯಾ ಯು' ಅನ್ನುತ್ತಾರೆ: ಇಳಿಯಿತು ಮಳೆ. (ಈ ಯು ಬೇರೆ ಅಕ್ಷರ, ದೋಣಿಯ ಸಾಲಿನದಲ್ಲ.) ನಾವೂ ಸ್ಟಾಪಿನಲ್ಲಿ ನಿಂತು 'ಬಂತು ನೋಡು ಬಸ್ಸು' ಅನ್ನುವುದಿಲ್ವಾ? ಕಂಡ ಕ್ಷಣದ ಮಾತು ಹಾಗೇ ಬರುತ್ತದೆ.

ಅದಕ್ಕೇ 'ಹೆಂಗಸರು ಮರಳಿದ್ದರಿಂದ ಬಿದಿರಲ್ಲಿ ಸದ್ದಾಯಿತು' ಅಂತ ಅನುವಾದಿಸಬೇಡಿ. ಕಾರಣ ಮುಂದೆ ಬಂದರೆ ಚಿತ್ರವೇ ಹಾಳು. ನನ್ನ ಪ್ರಯತ್ನ:

ಬಿದಿರಲ್ಲಿ ಗದ್ದಲ, ಮರಳಿದರು ಬಟ್ಟೆ ಒಗೆದ ಹೆಂಗಸರು.
ತಾವರೆ ಅಲುಗಿತು, ಇಳಿಯಿತು ಮೀನಿನ ದೋಣಿ.

ಶ್ಯುವಾನ್ ಪದವನ್ನು ಸುಮ್ನೆ 'ಸದ್ದು' ಅನ್ನಲು ಮನಸ್ಸಾಗಲಿಲ್ಲ. ಆ ಅಕ್ಷರದ ಎಡಕ್ಕೆ 'ಬಾಯಿ' ಇದೆ. ಹಲವರು ಒಟ್ಟಿಗೆ ಮಾತಾಡುವ ಗಲಾಟೆ ಅದು. ಎಲೆ ಅಲುಗುವುದನ್ನು ಕುಂಚ ತೋರಿಸಬಲ್ಲದು, ಈ ಗಲಾಟೆಯನ್ನು ಪದವೇ ತರಬೇಕು.

ಇಷ್ಟಾದ ಮೇಲೆ 1ನೇ ಸಾಲಿಗೆ ವಾಪಸ್ ಹೋದೆ. ಅದು ಶುರುವಾಗುವುದೇ 'ಖೋಂಗ್ ಶಾನ್' ಅಂತ, ಖಾಲಿ ಬೆಟ್ಟ. ಇಷ್ಟು ಜನರಿದ್ದೂ ಖಾಲಿ ಯಾಕೆ ಅಂತ ಮೊದಲು ತಲೆ ಕೆಡಿಸಿಕೊಂಡಿದ್ದೆ. ಹೆಂಗಸರು ಬಿದಿರಿನ ಹಿಂದಿದ್ದಾರೆ, ದೋಣಿ ತಾವರೆ ಎಲೆಗಳ ಹಿಂದಿದೆ.