ಏಳನೇ ಫೋನು

ಎಳ್ಳ ಅಮಾಸಿ ಹತ್ತಿರ ಬಂತೆಂದರೆ ಹೈದರಾಬಾದ್, ಪುಣೆ, ಬೆಂಗಳೂರಿನಲ್ಲಿ ನೌಕರಿ ಮಾಡುವ ಕಲಬುರಗಿ-ಬೀದರ್ ಕಡೆಯ ಮಕ್ಕಳಿಗೆ ಊರಿನಿಂದ ಫೋನು ಶುರು. ಹೊಲದಾಗ ಚರಗ (ಭೂತಾಯಿಗೆ ನೈವೇದ್ಯ) ಚೆಲ್ಲಬೇಕು, ಭಜ್ಜಿ ಮಾಡಬೇಕು, ‘ಬರ್ತಿ ಇಲ್ಲೋ?’ ಈ ಸಲ ಆಗುವುದಿಲ್ಲ ಎಂದರೆ ಮುಗಿಯಿತು. ಆದರೆ ಆಫೀಸಿನಲ್ಲಿ ಹತ್ತು ಜನರಿಗೆ ಕೆಲಸ ಹೇಳುವವರಿಗೂ ಆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ‘ನೋಡ್ತೀನವ್ವ’ ಎಂದು ಫೋನ್ ಇಡುತ್ತಾರೆ, ಎದೆ ಹಗುರಾಗುತ್ತದೆ.

ಹೆತ್ತವರಿಗೆ ‘ಇಲ್ಲ’ ಎನ್ನಲು ಅಂಜುವವರ ತೊಡಕಿರುವುದು ಆ ಹಗುರದಲ್ಲೇ. ಅಂಜಿಕೆ ಹೇಗೆ ಗಟ್ಟಿಯಾಗುತ್ತದೆ ಎಂಬುದಕ್ಕೆ ಮನೋವಿಜ್ಞಾನಿ ಮೌರರ್ 1947ರಲ್ಲಿ ಎರಡು ಹಂತದ ವಿವರಣೆ ಕೊಟ್ಟರು. ಮೊದಲು ಅಂಜಿಕೆಯನ್ನು ಕಲಿಯುತ್ತೇವೆ. ಆಮೇಲೆ ತಪ್ಪಿಸಿಕೊಂಡಾಗಲೆಲ್ಲ ಸಿಗುವ ನಿರಾಳವೇ ಬಹುಮಾನವಾಗಿ, ತಪ್ಪಿಸಿಕೊಳ್ಳುವುದೇ ರೂಢಿಯಾಗುತ್ತದೆ. ಐದು ವರ್ಷದ ಮಗುವಿಗೆ ಅಪ್ಪನ ಸಿಟ್ಟು, ಅವ್ವನ ಮುನಿಸು ನಿಜಕ್ಕೂ ದೊಡ್ಡ ಆಪತ್ತು. ಅನ್ನ, ಆಸರೆ ಎಲ್ಲ ಅವರ ಕೈಯಲ್ಲೇ ಇರುತ್ತದಲ್ಲ. ಮಿದುಳಿನಲ್ಲಿ ಅಂಜಿಕೆಯನ್ನು ಕಲಿಯುವ ಭಾಗವಾದ ಅಮಿಗ್ಡಲಾ ಆಗ ಕಲಿತದ್ದನ್ನು ಮೂವತ್ತೈದರಲ್ಲೂ ಮರೆತಿರುವುದಿಲ್ಲ. ಆದ್ದರಿಂದ ಅಂಜಿಕೆ ಹೋಗಲಿ, ಆಮೇಲೆ ಮಾತಾಡೋಣ ಎಂದು ಕಾಯುವುದು ಉಲ್ಟಾ ಲೆಕ್ಕ. ಮಾತಾಡಿದ ಮೇಲೆಯೇ ಅದು ಇಳಿಯಬೇಕು, ಅದೂ ನಿಧಾನವಾಗಿ.

ಎಲ್ಲಿಂದ ಶುರು ಮಾಡಬೇಕು? ಜೋಸೆಫ್ ವೋಲ್ಪೆ ಎಂಬ ವೈದ್ಯರು ಬಳಕೆಗೆ ತಂದ 0ರಿಂದ 100ರ ಅಳತೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೇಳಲಾಗದ ಐದಾರು ‘ಇಲ್ಲ’ಗಳನ್ನು ಬರೆದು, ಪ್ರತಿಯೊಂದಕ್ಕೂ ಎಷ್ಟು ಅಂಜಿಕೆಯೋ ಅಷ್ಟು ಅಂಕ ಹಾಕಿ. ಆಫೀಸ್ ಹೊತ್ತಿನ ಫೋನು 35, ತಮ್ಮನ ಬೈಕಿಗೆ ರೊಕ್ಕ ಕೊಡಲಾಗದು ಎನ್ನುವುದು 70, ಅವರು ನೋಡಿದ ಸಂಬಂಧ ಬೇಡ ಎನ್ನುವುದು 95 ಇರಬಹುದು. 35ರಿಂದ ಶುರು ಮಾಡಿ. ಬಹಳ ಜನ ವರ್ಷಗಟ್ಟಲೆ ಸುಮ್ಮನಿದ್ದು, ಒಂದಿನ ಸಿಟ್ಟಿನಲ್ಲಿ 95ಕ್ಕೇ ಕೈಹಾಕುತ್ತಾರೆ. ಮನೆಯೆಲ್ಲ ಅತ್ತು ಕರೆದು ರಂಪವಾಗುತ್ತದೆ, ಕೊನೆಗೆ ಸೋತು ಒಪ್ಪುತ್ತಾರೆ, ಅಂಜಿದ್ದೇ ಸರಿ ಎಂದು ಮಿದುಳು ಇನ್ನಷ್ಟು ಖಚಿತ ಮಾಡಿಕೊಳ್ಳುತ್ತದೆ.

‘ಪದೇಪದೇ ಫೋನ್ ಮಾಡಬ್ಯಾಡ’ ಎಂಬುದು ಅಪ್ಪಣೆ. ಪಾಲಿಸುವುದು ಬಿಡುವುದು ಅವ್ವನ ಕೈಯಲ್ಲಿದೆ. ಗಡಿ ಹಾಕಬೇಕಾದ್ದು ನಮ್ಮ ನಡತೆಗೆ: ‘ಡ್ಯೂಟಿ ಟೈಮ್‌ನ್ಯಾಗ ಫೋನ್ ಎತ್ತಂಗಿಲ್ಲವ್ವ. ರಾತ್ರಿ ಎಂಟೂವರಿಗಿ ನಾನೇ ಮಾಡ್ತೀನಿ. ಅರ್ಜೆಂಟ್ ಇದ್ರ ಅಕ್ಕನ ಕೈಲಿ ಒಂದು ಮೆಸೇಜ್ ಹಾಕ್ಸು.’ ಇಷ್ಟೇ ಸಾಕು. ಕಾರಣಗಳನ್ನು ಪೇರಿಸಿದರೆ ಒಂದೊಂದೂ ವಾದಕ್ಕೆ ಹಿಡಿಕೆಯಾಗುತ್ತದೆ. ರಜಾ ಇಲ್ಲ ಎಂದರೆ ‘ಮ್ಯಾನೇಜರ್ ನಂಬರ್ ಕೊಡು’ ಎನ್ನುವ ಅಪ್ಪಂದಿರೂ ನಮ್ಮಲ್ಲಿ ಇದ್ದಾರೆ. ಸುಳ್ಳು ನೆಪವಂತೂ ಬೇಡವೇ ಬೇಡ: ಆ ಹೊತ್ತಿಗೆ ಪಾರಾಗಬಹುದು, ನಿಜವಾಗಿ ‘ಇಲ್ಲ’ ಅಂದಿರದ ಕಾರಣ ಅಂಜಿಕೆ ಒಂದು ಅಂಕವೂ ಇಳಿಯದು.

ಫೋನ್ ಹಚ್ಚುವ ಮುಂಚೆ ಮೂರ್ನಾಲ್ಕು ನಿಮಿಷ, ನಾಲ್ಕು ಎಣಿಸುತ್ತ ಉಸಿರು ತೆಗೆದುಕೊಂಡು ಆರು ಎಣಿಸುತ್ತ ಬಿಡಿ. ಉಸಿರು ಬಿಡುವಾಗ ಮಿದುಳಿನಿಂದ ಎದೆಗೆ ಇಳಿಯುವ ವೇಗಸ್ ನರ ಎದೆಬಡಿತವನ್ನು ತಗ್ಗಿಸುತ್ತದೆ. ಅಂಜಿಕೆ ಮಾಯವಾಗದು, ದನಿ ನಡುಗದಿದ್ದರೆ ಅಷ್ಟೇ ಲಾಭ.

ಇನ್ನು ಬಹುಪಾಲು ಜನ ಸೋಲುವ ಜಾಗ. ಇಷ್ಟು ದಿನ ಫಲ ಕೊಡುತ್ತಿದ್ದ ನಡತೆಗೆ ಫಲ ನಿಂತರೆ, ಅದು ಕಡಿಮೆಯಾಗುವ ಮುಂಚೆ ಒಮ್ಮೆ ಜೋರಾಗಬಹುದು. ದಿನಕ್ಕೆರಡು ಸಲ ಬರುತ್ತಿದ್ದ ಫೋನು ಆರು ಸಲ ಬರುತ್ತದೆ, ಆಮೇಲೆ ಕಾಕಾ ಮಾಡುತ್ತಾನೆ, ಅವ್ವನ ಬಿಪಿ ಏರಿದ ಸುದ್ದಿ ಬರುತ್ತದೆ. (ಬಿಪಿ ಸುದ್ದಿಯನ್ನು ತಳ್ಳಿಹಾಕಬೇಡಿ, ಹತ್ತಿರದವರಿಂದ ತಪಾಸಣೆ ಮಾಡಿಸಿ.) ಏನೂ ಅರ್ಜೆಂಟ್ ಇಲ್ಲದ ಏಳನೇ ಫೋನು ಎತ್ತಿದರೆ, ಏಳು ಸಲ ಮಾಡಬೇಕು ಎಂದು ನೀವೇ ಕಲಿಸಿದಂತಾಯಿತು. ಆಗೊಮ್ಮೆ ಈಗೊಮ್ಮೆ ಫಲ ಸಿಗುವ ನಡತೆಯೇ ಬಿಡಿಸಲು ಬಲು ಕಷ್ಟ ಎಂಬುದನ್ನು ಮನೋವಿಜ್ಞಾನಿ ಸ್ಕಿನ್ನರ್ ಪಾರಿವಾಳಗಳಲ್ಲಿ ತೋರಿಸಿದ್ದರು. ಅವ್ವ ಹೂಡಿದ ಆಟವಲ್ಲ ಇದು. ಮಗ ಕೈಬಿಟ್ಟು ಹೋಗುತ್ತಾನೆಂಬ ಅಂಜಿಕೆ ಆಕೆಗೂ ಇದೆ. ಅದಕ್ಕೇ ಎಂಟೂವರೆಯ ಫೋನು ತಪ್ಪಬಾರದು. ಗಡಿಯನ್ನು ಅವ್ವ ಮುರಿದಳು ಎನ್ನುವವರಲ್ಲಿ ಎಷ್ಟೋ ಮಂದಿ ಎರಡನೇ ವಾರಕ್ಕೇ ತಮ್ಮ ಫೋನು ಮರೆತಿರುತ್ತಾರೆ.

ಮಾತು ಮುಗಿದ ರಾತ್ರಿ ತಪ್ಪು ಮಾಡಿದೆನೆಂಬ ಅಳುಕು ಕಾಡುತ್ತದೆ. ಮುಂಚೆಯೇ ಒಂದು ಸಾಲು ಬರೆದಿಟ್ಟಿರಿ: ‘ಅವ್ವ ಮಾತೇ ಬಿಡ್ತಾಳ.’ ನಾಲ್ಕು ದಿನದ ಮೇಲೆ ಅದರ ಕೆಳಗೆ ಆದದ್ದನ್ನು ಬರೆಯಿರಿ: ‘ಎರಡು ದಿನ ಮುನಿಸು. ಮೂರನೇ ದಿನ ತೊಗರಿ ರೇಟು ಕೇಳಿದಳು.’ ಅಂದುಕೊಂಡದ್ದಕ್ಕೂ ಆದದ್ದಕ್ಕೂ ಇರುವ ಈ ಅಂತರದಿಂದಲೇ ಮಿದುಳು ಹೊಸದನ್ನು ಕಲಿಯುತ್ತದೆ.

ರೊಕ್ಕದ ಗಡಿ ಬೇರೆ ಥರ. ತಮ್ಮನ್ನು ತಾವು ನೋಡಿಕೊಳ್ಳಲಾಗದ ತಂದೆತಾಯಿಯ ಜೀವನಾಂಶ ಮಕ್ಕಳ ಹೊಣೆ ಎಂದು ಹೆತ್ತವರ, ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಕೇಳಿದಾಗಲೆಲ್ಲ ಕಳಿಸುವ ಬದಲು ತಿಂಗಳ 5ಕ್ಕೆ ಇಷ್ಟು ಎಂದು ಗೊತ್ತುಮಾಡಿ, ಔಷಧಿ ಖರ್ಚನ್ನು ಬೇರೆ ಇಡಿ.

ಹೊಡೆತ, ಬೆದರಿಕೆ, ಕೂಡಿಹಾಕುವುದು ಇರುವ ಮನೆಗೆ ಈ ಉಪಾಯ ಯಾವುದೂ ಅಲ್ಲ. ಅಲ್ಲಿ ಮೊದಲು ಸುರಕ್ಷಿತ ಜಾಗ ಬೇಕು, ಹೆಣ್ಣುಮಕ್ಕಳಿಗೆ 181 ಸಹಾಯವಾಣಿ ಇದೆ. ‘ಸತ್ತೇ ಹೋಗ್ತೀನಿ’ ಎಂಬ ಮಾತನ್ನು ನಾಟಕವೆಂದು ಎಂದೂ ತೀರ್ಮಾನಿಸಬೇಡಿ. ಕೂಡಲೇ ಓಣಿಯವರನ್ನೋ ಬೀಗರನ್ನೋ ಮನೆಗೆ ಕಳಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಅವರು ಸುರಕ್ಷಿತರಾದ ಮೇಲೂ ಎಂಟೂವರೆಯ ಮಾತು ಹಾಗೇ ಇರಬಹುದು.

ಆರು ತಿಂಗಳು ಎಲ್ಲ ಸರಿಯಿದ್ದು, ಶರಣಬಸವೇಶ್ವರ ಜಾತ್ರೆಗೆ ಊರಿಗೆ ಹೋದಾಗ ಹಳೆಯ ಅಂಜಿಕೆ ಮತ್ತೆ ಎದ್ದರೆ ಗಾಬರಿಯಾಗಬೇಡಿ. ಹೊಸ ಕಲಿಕೆ ಹಳೆಯದನ್ನು ಅಳಿಸುವುದಿಲ್ಲ, ಅದರ ಮೇಲೆ ಕೂರುತ್ತದೆ; ಕಲಿತ ಜಾಗ ಬಿಟ್ಟು ಬೇರೆಡೆ ಹೊಸದರ ಹಿಡಿತ ಸಡಿಲ. ಮರಳುವ ರೈಲಿನ ಟಿಕೆಟ್ ಮೊದಲೇ ತೆಗೆದಿಟ್ಟು, ಹೊರಡುವ ತಾರೀಖನ್ನು ಹೋದ ದಿನವೇ ಹೇಳಿಬಿಡಿ.