ಆಲ್ಮನ್ಯಾಕ್ ಬೇರೆ, ಪ್ರಾಗ್ನಾಸ್ಟಿಕೇಷನ್ ಬೇರೆ

17ನೇ ಶತಮಾನದ ಇಂಗ್ಲೆಂಡಿನ ಆಲ್ಮನ್ಯಾಕ್ (ವರ್ಷದ ಪಂಚಾಂಗ) ಎಂದರೆ ಮನೆಮಂದಿ ತಂತಮ್ಮ ರಾಶಿಫಲ ನೋಡಿಕೊಳ್ಳುತ್ತಿದ್ದ ಪುಸ್ತಕ ಎಂದು ಮತ್ತೆ ಮತ್ತೆ ಬರೆಯುತ್ತಾರೆ. ಅದು ತಪ್ಪು. ಹುಟ್ಟಿದ ರಾಶಿಗೊಂದು ಫಲ ಎನ್ನುವ ಪತ್ರಿಕಾ ಅಂಕಣ ಅಲ್ಲಿ ಬೇರೂರಿದ್ದು 1930ರ ದಶಕದಲ್ಲಿ.

ಆಲ್ಮನ್ಯಾಕ್ ಎಂದರೆ ತಿಂಗಳಿಗೊಂದು ಕೋಷ್ಟಕ: ತಾರೀಖು, ಚರ್ಚಿನ ಹಬ್ಬ, ಚಂದ್ರ ಇರುವ ರಾಶಿ, ಗ್ರಹಣ. ಜೊತೆಗೆ ಜಾತ್ರೆ, ಕೋರ್ಟಿನ ಅವಧಿ, ಲಂಡನ್ ಸೇತುವೆಯ ಬಳಿ ನದಿ ನೀರು ಉಬ್ಬುವ (ಭರತದ) ಹೊತ್ತು. ಫಲ ಹೇಳುವ ಭಾಗವೇ ಪ್ರಾಗ್ನಾಸ್ಟಿಕೇಷನ್. ಅದಕ್ಕೆ ಹಲವು ಸಲ ಪ್ರತ್ಯೇಕ ಶೀರ್ಷಿಕೆ ಪುಟವೇ ಇರುತ್ತಿತ್ತು. ಎರಡೂ ಒಂದೇ ಹೊಲಿಗೆಯಲ್ಲಿ ಬರುತ್ತಿದ್ದುದರಿಂದ ಹೆಸರು ಕಲಸಿಹೋಗಿದೆ. 1603ರಿಂದ ಇವನ್ನು ಅಚ್ಚು ಹಾಕಿಸುವ ಏಕಸ್ವಾಮ್ಯ ಲಂಡನ್ನಿನ ಮುದ್ರಕರ, ಪುಸ್ತಕ ವ್ಯಾಪಾರಿಗಳ ಸಂಘವಾದ ಸ್ಟೇಷನರ್ಸ್ ಕಂಪನಿಯದಾಗಿತ್ತು. 1660ರ ದಶಕದಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಪ್ರತಿ ಖರ್ಚಾಗುತ್ತಿದ್ದವು.

ರಾಶಿಯ ಗೊಂದಲ ಹುಟ್ಟುವುದು ಮೊದಲ ಪುಟಗಳ ಮಾನವಾಕೃತಿಯಿಂದ. ಮೇಷಕ್ಕೆ ತಲೆ, ವೃಷಭಕ್ಕೆ ಕುತ್ತಿಗೆ, ಮಿಥುನಕ್ಕೆ ತೋಳು, ಹೀಗೇ ಮೀನಕ್ಕೆ ಪಾದ. ಓದುಗನ ಜನ್ಮರಾಶಿಗೂ ಇದಕ್ಕೂ ಸಂಬಂಧವಿಲ್ಲ. ಆ ದಿನದ ಸಾಲಿನಲ್ಲಿ ಚಂದ್ರ ಯಾವ ರಾಶಿಯಲ್ಲಿದ್ದಾನೆಂದು ನೋಡಬೇಕು, ಅದರ ಅಂಗವನ್ನು ಚಿತ್ರದಲ್ಲಿ ಹುಡುಕಬೇಕು. ಅಂದು ಆ ಅಂಗಕ್ಕೆ ಕತ್ತಿ ತಾಗಿಸಬಾರದು. ಚಂದ್ರ ಮಿಥುನದಲ್ಲಿದ್ದರೆ ಚಿಕಿತ್ಸೆಗೆಂದು ತೋಳಿನಿಂದ ರಕ್ತ ತೆಗೆಯುವಂತಿಲ್ಲ.

ಪ್ರಾಗ್ನಾಸ್ಟಿಕೇಷನ್‌ಗೆ ಹತ್ತಿರದ್ದು ನಮ್ಮ ಯುಗಾದಿಯ ಸಂವತ್ಸರ ಫಲ: ಮಳೆ, ಬೆಳೆ, ರೋಗ, ಯುದ್ಧ. ಆದರೆ ಲೆಕ್ಕದ ದಾರಿ ಬೇರೆ. ನಮ್ಮಲ್ಲಿ ಯುಗಾದಿಯ ವಾರದಿಂದ ವರ್ಷದ ರಾಜ ಗೊತ್ತಾಗುತ್ತಾನೆ. ಅಲ್ಲಿ ಸೂರ್ಯ ಮೇಷ ಪ್ರವೇಶಿಸುವ ಕ್ಷಣಕ್ಕೆ ಕುಂಡಲಿ ಹಾಕಿ ವರ್ಷಾಧಿಪತಿ ಗ್ರಹವನ್ನು ಆರಿಸುತ್ತಿದ್ದರು. ರಾಶಿಗಳನ್ನು ಸ್ಥಿರ, ದ್ವಿಸ್ವಭಾವ, ಚರ ಎಂದು ಮೂರು ಗುಂಪು ಮಾಡುತ್ತಾರೆ. ಕುಂಡಲಿಯ ಲಗ್ನ, ಅಂದರೆ ಆ ಕ್ಷಣ ಪೂರ್ವದಲ್ಲಿ ಉದಯಿಸುತ್ತಿರುವ ರಾಶಿ, ಸ್ಥಿರವಾದರೆ ಇಡೀ ವರ್ಷಕ್ಕೆ ಒಂದೇ ಕುಂಡಲಿ ಸಾಕು, ದ್ವಿಸ್ವಭಾವವಾದರೆ ತುಲಾ ಪ್ರವೇಶಕ್ಕೆ ಇನ್ನೊಂದು, ಚರವಾದರೆ ಕರ್ಕಾಟಕ, ತುಲಾ, ಮಕರ ಪ್ರವೇಶಗಳಿಗೂ ಒಂದೊಂದು ಬೇಕು. ಮೇಷ ಇಲ್ಲಿ ಸಾಯನ, ಅಂದರೆ ನಕ್ಷತ್ರಗಳಿಂದಲ್ಲ, ಹಗಲು ರಾತ್ರಿ ಸಮವಾಗುವ ವಸಂತದ ಬಿಂದುವಿನಿಂದ ಎಣಿಸಿದ್ದು. ಇಂಗ್ಲೆಂಡ್ 1752ರವರೆಗೆ ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಪಾಲಿಸಿದ್ದರಿಂದ ಆ ಪುಟಗಳಲ್ಲಿ ಈ ಪ್ರವೇಶ ಕಾಣುವುದು ಮಾರ್ಚ್ 10ರ ಸುಮಾರಿಗೆ. ನಮ್ಮ ಏಪ್ರಿಲ್ ಸಂಕ್ರಮಣದ ಜೊತೆ ತೂಗಿ ನೋಡಿದರೆ ಲೆಕ್ಕ ಕೂಡುವುದಿಲ್ಲ.

ಎಡವಟ್ಟಾಗುತ್ತಿದ್ದುದೂ ಪ್ರವೇಶದ ಆ ಕ್ಷಣದ ಲೆಕ್ಕದಲ್ಲೇ. ಸೂರ್ಯ ದಿನಕ್ಕೆ ಸುಮಾರು 60 ಕಲೆ (ಒಂದು ಡಿಗ್ರಿ) ನಡೆಯುತ್ತಾನೆ. ಕೋಷ್ಟಕದಲ್ಲಿ ಅವನ ಸ್ಥಾನ 5 ಕಲೆ ತಪ್ಪಿದರೂ ಪ್ರವೇಶದ ಹೊತ್ತು 2 ಗಂಟೆ ಜಾರುತ್ತದೆ. ಅಷ್ಟರಲ್ಲಿ ಲಗ್ನ ಸರಾಸರಿ ಒಂದು ರಾಶಿ ಮುಂದೆ ಹೋಗಿರುತ್ತದೆ, ಅಧಿಪತಿಯೇ ಬದಲಾಗಬಹುದು. ಬೇರೆ ಬೇರೆ ಕೋಷ್ಟಕ ಹಿಡಿದ ಇಬ್ಬರು ಒಂದೇ ವರ್ಷಕ್ಕೆ ಎರಡು ಫಲ ಹೇಳಲು ಇಷ್ಟು ಸಾಕು.

ಆ ಕಾಲದ ಲಂಡನ್ನಿನ ಜ್ಯೋತಿಷಿ ವಿಲಿಯಂ ಲಿಲ್ಲಿಯ ಆಲ್ಮನ್ಯಾಕ್ 1666ರ ಲಂಡನ್ ಬೆಂಕಿಯನ್ನು ಮೊದಲೇ ಹೇಳಿತ್ತು ಎನ್ನುವುದನ್ನೂ ಬಿಡಬೇಕು. ಬೆಂಕಿಯ ಚಿತ್ರ ಇದ್ದದ್ದು ಆಲ್ಮನ್ಯಾಕಿನಲ್ಲಿ ಅಲ್ಲ, 1651ರ ಒಂದು ಕಿರುಹೊತ್ತಿಗೆಯಲ್ಲಿ. ಅದರಲ್ಲಿ ಇಸವಿ ಇರಲಿಲ್ಲ. ಯಾವ ವರ್ಷ ಎಂದು ತಾನು ಲೆಕ್ಕ ಹಾಕಿರಲಿಲ್ಲವೆಂದು ಸಂಸತ್ತಿನ ತನಿಖಾ ಸಮಿತಿಯ ಮುಂದೆ ಲಿಲ್ಲಿಯೇ ಒಪ್ಪಿದ.